ನವೆಂಬರಿನ ಗುಡುಗಿಗೆ ಮುಂಚೆ: ಮೆಲ್ಬರ್ನ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಮೆಲ್ಬರ್ನಿನ ಕನ್ನಡ ಕುಟುಂಬಗಳಿಗೆ, ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಶನಿವಾರದ ಕ್ರಿಕೆಟ್ ತಂಡಗಳಿಗೆ, ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಮಕ್ಕಳಿಗೆ,



ಮೆಲ್ಬರ್ನಿನಲ್ಲಿ ಕನ್ನಡಿಗರ ಹಬ್ಬದ ಕಾಲವೂ ರೈ ಹುಲ್ಲು ಹೂಬಿಡುವ ಕಾಲವೂ ಒಂದೇ. ದಸರಾ ಮುಗಿಯುತ್ತಿದ್ದಂತೆ ದೀಪಾವಳಿ, ಅದರ ಬೆನ್ನಿಗೆ ರಾಜ್ಯೋತ್ಸವ. ಕ್ರಿಕೆಟ್ ಮೈದಾನಗಳು ತುಂಬುವುದು ಆಗಲೇ. ಚಳಿ ಹೋಯಿತು, ಇನ್ನು ಬರಬಹುದು ಎಂದು ಊರಿನ ಹಿರಿಯರು ವಿಮಾನ ಹತ್ತುವುದೂ ಬಹುಪಾಲು ಆಗಲೇ. ಅದೇ ವಾರಗಳಲ್ಲಿ ನಗರದ ಪಶ್ಚಿಮಕ್ಕೂ ಉತ್ತರಕ್ಕೂ ಹರಡಿರುವ ಹುಲ್ಲುಗಾವಲುಗಳಿಂದ ಪರಾಗ ಗಾಳಿಗೇರುತ್ತದೆ. ಕಣ್ಣು ತುರಿಸುತ್ತದೆ, ಮೂಗು ಸೋರುತ್ತದೆ, ಬೆಳಗ್ಗೆ ಹಾಸಿಗೆಯಿಂದ ಏಳುವ ಮುಂಚೆಯೇ ಹತ್ತು ಸೀನು. ಒಂದು ಮಾತ್ರೆ ನುಂಗಿ ಕೆಲಸಕ್ಕೆ ಓಡಿದರೆ ಆಯಿತು, ಡಾಕ್ಟರ ತನಕ ಯಾರು ಹೋಗುತ್ತಾರೆ?

ಈ ಪತ್ರ ಮುಖ್ಯವಾಗಿ ಹಾಗೆ ಸೀನುವವರಿಗೆ. ಆಸ್ತಮಾ ಇದೆಯೆಂದು ಗೊತ್ತಿರುವವರ ಚೀಲದಲ್ಲಿ ಪಂಪ್, ಅಂದರೆ ಇನ್ಹೇಲರ್, ಇರುತ್ತದೆ. ತಮಗಿರುವುದು ಬರೀ ನೆಗಡಿ ಎಂದುಕೊಂಡವರ ಹತ್ತಿರ ಅದು ಇರುವುದಿಲ್ಲ. ಗುಡುಗಿನ ಒಂದು ಸಂಜೆ ಆ ನಗರದಲ್ಲಿ ಏದುಸಿರು ಬಿಡುತ್ತಾ ಆಸ್ಪತ್ರೆಗೆ ಬಂದವರಲ್ಲಿ ಇವರು ಬಹಳ ಮಂದಿ ಇದ್ದರು.

ಆ ಸಂಜೆ 2016ರ ನವೆಂಬರ್ 21, ಸೋಮವಾರದ್ದು. ಹಗಲಿಡೀ ಉತ್ತರದಿಂದ ಬಿಸಿಗಾಳಿ ಬೀಸಿ ಉಷ್ಣಾಂಶ 35 ಡಿಗ್ರಿಯ ಹತ್ತಿರ ಏರಿತ್ತು. ಗಾಳಿಯಲ್ಲಿ ಹುಲ್ಲಿನ ಪರಾಗ ಘನ ಮೀಟರಿಗೆ ನೂರು ಕಣ ದಾಟಿತ್ತು. ಐವತ್ತು ದಾಟಿದರೆ ಹೆಚ್ಚು, ನೂರು ದಾಟಿದರೆ ವಿಪರೀತ ಎಂಬುದು ಅಲ್ಲಿನ ಲೆಕ್ಕ. ಸಂಜೆ ಐದು-ಆರರ ಹೊತ್ತಿಗೆ ಗುಡುಗಿನ ಮೋಡಗಳ ಸಾಲೊಂದು ಪಶ್ಚಿಮದಿಂದ ನಗರದ ಮೇಲೆ ಹಾಯ್ದಿತು. ಬಿರುಗಾಳಿ ಎದ್ದು, ನೋಡನೋಡುತ್ತಿದ್ದಂತೆ ಸೆಕೆ ಇಳಿಯಿತು. ದಿನವಿಡೀ ಬೆಂದ ಮನೆಯ ಕಿಟಕಿಗಳನ್ನು ತೆರೆದಿಡಬೇಕು ಎನಿಸುವಂಥ ತಂಪು.

ಸಂಜೆ ಆರರಿಂದ ಮುಂದಿನ 30 ಗಂಟೆಗಳಲ್ಲಿ ಮೆಲ್ಬರ್ನ್ ಮತ್ತು ಜಿಲಾಂಗ್‌ನ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಉಸಿರಾಟದ ತೊಂದರೆಯಿಂದ ಬಂದವರು ಮಾಮೂಲಿಗಿಂತ 3,365 ಮಂದಿ ಹೆಚ್ಚು. ಆಸ್ತಮಾಕ್ಕೆಂದು ಒಳರೋಗಿಗಳಾಗಿ ದಾಖಲಾದವರು ಮಾಮೂಲಿಗಿಂತ 476 ಮಂದಿ ಹೆಚ್ಚು. ಆಂಬುಲೆನ್ಸ್‌ಗಳು ಸಾಲಲಿಲ್ಲ. ಹತ್ತು ಮಂದಿ ತೀರಿಕೊಂಡರು. ಜಗತ್ತಿನಲ್ಲಿ ದಾಖಲಾಗಿರುವ ಗುಡುಗುಮಳೆ ಆಸ್ತಮಾ ಪ್ರಕರಣಗಳಲ್ಲಿ ಇದಕ್ಕಿಂತ ಘೋರವಾದದ್ದು ಇನ್ನೊಂದಿಲ್ಲ.

2018ರಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಆ ರಾತ್ರಿಯ ಲೆಕ್ಕವೆಲ್ಲ ಪ್ರಕಟವಾಯಿತು. ಕನ್ನಡಿಗರು ಓದಿಕೊಳ್ಳಬೇಕಾದ ಸಾಲು ಅದರಲ್ಲೊಂದಿದೆ: ಭಾರತದಲ್ಲಿ ಮತ್ತು ಶ್ರೀಲಂಕಾದಲ್ಲಿ ಹುಟ್ಟಿದವರು ಹಿಂದಿನ ವರ್ಷಗಳಿಗಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಆ ರಾತ್ರಿ ಆಸ್ಪತ್ರೆ ಸೇರಿದರು. ಆಗ್ನೇಯ ಏಷ್ಯಾದವರ ಕತೆಯೂ ಹಾಗೆಯೇ. ಅದೇ ಗಾಳಿ ಕುಡಿದ ಊರಿನಲ್ಲಿ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳಲಿಲ್ಲ.

ಮೆಲ್ಬರ್ನಿಗೆ ಅದು ಮೊದಲ ಅನುಭವವೇನೂ ಆಗಿರಲಿಲ್ಲ. 1987 ಮತ್ತು 1989ರ ನವೆಂಬರ್‌ಗಳಲ್ಲೂ ಗುಡುಗಿನ ಬೆನ್ನಿಗೇ ಆಸ್ಪತ್ರೆಗಳು ತುಂಬಿದ್ದವು. 1994ರ ಜೂನ್ 24ರ ಸಂಜೆ ಲಂಡನ್ನಿಗೂ ಇದೇ ಗತಿ: 30 ಗಂಟೆಗಳಲ್ಲಿ 640 ರೋಗಿಗಳು, ಎಂದಿನ ಸಂಖ್ಯೆಯ ಸುಮಾರು ಹತ್ತು ಪಟ್ಟು. ಅವರಲ್ಲಿ 403 ಮಂದಿಗೆ ಹಿಂದೆ ಹೇ ಫೀವರ್ ಇತ್ತು, ಅಂದರೆ ಪರಾಗದ ಕಾಲದಲ್ಲಿ ಸೀನುವ ಅಲರ್ಜಿ. 283 ಮಂದಿಗೆ ಅದು ಬದುಕಿನ ಮೊಟ್ಟಮೊದಲ ಉಬ್ಬಸ. ಅರ್ಧಕ್ಕಿಂತ ಹೆಚ್ಚಿನವರು 21ರಿಂದ 40ರ ವಯಸ್ಸಿನವರು. ಮಕ್ಕಳನ್ನೂ ಮುದುಕರನ್ನೂ ಮೊದಲು ಹಿಡಿಯುವ ರೋಗವೆಂದು ನಾವು ತಿಳಿದದ್ದು, ಆ ರಾತ್ರಿ ಕೆಲಸ ಮುಗಿಸಿ ಮನೆಗೆ ಹೊರಟಿರುವ ವಯಸ್ಸಿನವರನ್ನು ಹಿಡಿಯಿತು.

ಗುಡುಗಿಗೂ ಗೂರಲಿಗೂ ಏನು ಸಂಬಂಧ?

ಉತ್ತರ ಸಿಕ್ಕಿದ್ದು ಮೆಲ್ಬರ್ನಿನಲ್ಲೇ. ರೈ ಹುಲ್ಲಿನ ಪರಾಗದ ಒಂದು ಕಣ ಸುಮಾರು 35 ಮೈಕ್ರಾನ್ ಅಗಲ. ಅಷ್ಟು ದಪ್ಪದ್ದು ಶ್ವಾಸಕೋಶದ ಆಳಕ್ಕೆ ಇಳಿಯಲಾರದು. ಮೂಗಿನಲ್ಲೋ ಗಂಟಲಲ್ಲೋ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಸಾಧಾರಣ ದಿನಗಳಲ್ಲಿ ಸೀನು ಮತ್ತು ಕಣ್ಣುರಿ ಮಾತ್ರ. ಆದರೆ ಆ ಕಣ ನೀರು ಹೀರಿಕೊಂಡರೆ ನೆನೆದ ಕಾಳಿನ ಸಿಪ್ಪೆ ಬಿರಿಯುವಂತೆ ಒಡೆಯುತ್ತದೆ. ಒಂದೊಂದು ಕಣದೊಳಗೂ ಸುಮಾರು 700 ಪಿಷ್ಟದ ಹರಳು, ಪ್ರತಿಯೊಂದೂ 3 ಮೈಕ್ರಾನಿಗಿಂತ ಸಣ್ಣದು, ಪ್ರತಿಯೊಂದಕ್ಕೂ ಅಲರ್ಜಿ ಎಬ್ಬಿಸುವ ಪ್ರೊಟೀನಿನ ಲೇಪ. 1992ರಲ್ಲಿ ಸೆಂಕ್ ಸುಫಿಯೋಗ್ಲು, ಮೋಹನ್ ಸಿಂಗ್, ಬ್ರೂಸ್ ನಾಕ್ಸ್ ಮತ್ತಿತರರು ಇದನ್ನು ಲ್ಯಾನ್ಸೆಟ್‌ನಲ್ಲಿ ಬರೆದರು. ಗುಡುಗಿನ ಮೋಡ ಕೆಳಗಿನ ಗಾಳಿಯನ್ನು ಪರಾಗದ ಸಮೇತ ಮೇಲಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿನ ತೇವಕ್ಕೆ ಕಣಗಳು ಬಿರಿಯುತ್ತವೆ. ಆಮೇಲೆ ಮೋಡದಿಂದ ಧುಮ್ಮಿಕ್ಕುವ ತಣ್ಣನೆಯ ಗಾಳಿ ಆ ಪುಡಿಯನ್ನು ನೆಲದ ಮಟ್ಟಕ್ಕೆ, ಜನರ ಮೂಗಿನ ಎತ್ತರಕ್ಕೆ ತಂದು ಹರಡುತ್ತದೆ. ಅಪಾಯ ಹೆಚ್ಚಿರುವುದು ಮಳೆಯ ಹನಿಗಿಂತ ಮಳೆಗೆ ಮುಂಚೆ ಬೀಸುವ ಆ ತಂಪು ಗಾಳಿಯಲ್ಲಿ. "ಆಹಾ, ಎಂಥಾ ಗಾಳಿ" ಎಂದು ಹೊರಗೆ ನಿಲ್ಲುವ ಹತ್ತು ನಿಮಿಷವೇ ಕೆಟ್ಟ ಹತ್ತು ನಿಮಿಷ.

ಭಾರತೀಯರೇ ಏಕೆ ಹೆಚ್ಚು ಸಿಕ್ಕಿಬಿದ್ದರು ಎಂಬುದಕ್ಕೆ ಪೂರ್ತಿ ಬಗೆಹರಿದ ಉತ್ತರವಿಲ್ಲ, ಸುಳಿವುಗಳಿವೆ. ಗಣಪತಿಗೆ ಏರಿಸುವ ಗರಿಕೆಯೂ ಪರಾಗ ಬಿಡುವ ಹುಲ್ಲೇ. ಆದರೆ ಅದು ಬಿಸಿನಾಡಿನ ಹುಲ್ಲು, ಬೇರೆ ಕುಲದ್ದು. ರೈ ಹುಲ್ಲಿನ ಪಿಷ್ಟದ ಹರಳಿಗೆ ಅಂಟಿರುವ ಲೋಲ್ ಪಿ 5 ಎಂಬ ಪ್ರೊಟೀನ್ ಗರಿಕೆಯ ಗುಂಪಿನಲ್ಲಿ ಇಲ್ಲ. ರೈ ಹುಲ್ಲನ್ನು ಯುರೋಪಿನವರು ದನ-ಕುರಿಗಳ ಮೇವಿಗೆಂದು ಆಸ್ಟ್ರೇಲಿಯಕ್ಕೆ ಒಯ್ದು ಬಿತ್ತಿದ್ದು. ಹೊಸದಾಗಿ ಹೋದವರ ದೇಹ ಅದಕ್ಕೆ ಮೊದಲ ವಸಂತದಲ್ಲೇ ಸಿಡಿಮಿಡಿಗೊಳ್ಳಬೇಕೆಂದಿಲ್ಲ. ಮೆಲ್ಬರ್ನಿನಲ್ಲಿ ನೆಲೆಸಿದ ಏಷ್ಯಾದವರ ಮೇಲೆ 1990ರ ದಶಕದಲ್ಲಿ ನಡೆದ ಅಧ್ಯಯನಗಳು, ನೆಲೆಸಿದ ವರ್ಷಗಳು ಹೆಚ್ಚಿದಂತೆ ಹೇ ಫೀವರ್ ಮತ್ತು ಆಸ್ತಮಾ ಹೆಚ್ಚುವುದನ್ನು ತೋರಿಸಿವೆ. ಬಂದ ಹೊಸತರಲ್ಲಿ ಏನೂ ಆಗಲಿಲ್ಲ ಎಂಬ ಧೈರ್ಯ ಆಮೇಲಿನ ವರ್ಷಗಳಿಗೆ ಸಲ್ಲದು.

ಇದರಲ್ಲಿ ಹವಾಮಾನ ಬದಲಾವಣೆಯ ಪಾತ್ರವೇನು? ಗುಡುಗುಮಳೆ ಆಸ್ತಮಾ ಹಳೆಯ ಸಂಗತಿ. 2016ರ ಸಂಜೆಯನ್ನು ಪೂರ್ತಿ ಅದರ ತಲೆಗೆ ಕಟ್ಟಲು ಆಗದು. ಆದರೆ ಕೈಗೆ ಸಿಕ್ಕಿರುವ ಪುರಾವೆಗಳು ಒಂದೇ ದಿಕ್ಕಿಗೆ ಬೆರಳು ಮಾಡುತ್ತಿವೆ. ಅಮೆರಿಕದ ಲೂಯಿಸ್ ಝಿಸ್ಕಾ ಮತ್ತು ಫ್ರಾನ್ಸಿಸ್ ಕೋಲ್‌ಫೀಲ್ಡ್ 2000ದಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ರ್‍ಯಾಗ್‌ವೀಡ್ ಎಂಬ ಕಳೆಯನ್ನು ಮೂರು ಬಗೆಯ ಗಾಳಿಯಲ್ಲಿ ಬೆಳೆಸಿದರು: ಕೈಗಾರಿಕೆಗೆ ಮುಂಚಿನ ಕಾಲದಂತೆ ಇಂಗಾಲದ ಡೈ ಆಕ್ಸೈಡ್ 280 ಪಿಪಿಎಂ ಇರುವುದು, ಆಗಿನ ಕಾಲದ 370, ಮುಂದೆ ಬರಬಹುದಾದ 600. ಮೊದಲನೆಯದರಿಂದ ಎರಡನೆಯದಕ್ಕೆ ಬರುವಷ್ಟರಲ್ಲಿ ಪರಾಗ ಎರಡು ಪಟ್ಟು ದಾಟಿತು, ಮೂರನೆಯದರಲ್ಲಿ ಅದೂ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಇಂದಿನ ಗಾಳಿಯಲ್ಲಿ ಆ ಸಂಖ್ಯೆ 420 ದಾಟಿದೆ. ಉತ್ತರ ಅಮೆರಿಕದ ಪರಾಗ ಕೇಂದ್ರಗಳ 1990ರಿಂದ 2018ರವರೆಗಿನ ದಾಖಲೆ ಕೆದಕಿದ ಇನ್ನೊಂದು ಅಧ್ಯಯನ 2021ರಲ್ಲಿ ಬಂತು: ಪರಾಗದ ಕಾಲ 20 ದಿನ ಮುಂಚೆ ಶುರುವಾಗುತ್ತಿದೆ, ಪರಾಗ ಶೇ 21ರಷ್ಟು ಹೆಚ್ಚಿದೆ.

ರ್‍ಯಾಗ್‌ವೀಡ್ ಯಾವುದೋ ದೂರದ ಗಿಡವೆಂದು ಕರ್ನಾಟಕದವರು ಭಾವಿಸಬೇಕಿಲ್ಲ. ನಮ್ಮ ರಸ್ತೆ ಬದಿಯ ಕಾಂಗ್ರೆಸ್ ಗಿಡ, ಪಾರ್ಥೇನಿಯಂ, ಅದರ ಹತ್ತಿರದ ಬಳಗದ್ದು. ಒಂದಕ್ಕೆ ಅಲರ್ಜಿ ಇದ್ದರೆ ಇನ್ನೊಂದಕ್ಕೂ ಮೈ ಪ್ರತಿಕ್ರಿಯಿಸಬಹುದು. 1991ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನದಲ್ಲಿ ಮೂಗಿನ ಅಲರ್ಜಿಯವರ ಪೈಕಿ ಶೇ 34, ಆಸ್ತಮಾದವರ ಪೈಕಿ ಶೇ 12 ಮಂದಿಯ ಚರ್ಮ ಪಾರ್ಥೇನಿಯಂ ಪರಾಗದ ಪರೀಕ್ಷೆಗೆ ದದ್ದು ಎದ್ದು ಉತ್ತರ ಕೊಟ್ಟಿತ್ತು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಸೀನಿ ವಿಮಾನ ಹತ್ತಿದವರು ಖಾಲಿ ಮೂಗಿನೊಂದಿಗೆ ಮೆಲ್ಬರ್ನಿನಲ್ಲಿ ಇಳಿದಿಲ್ಲ.

ವಿಕ್ಟೋರಿಯಾದ ಹುಲ್ಲಿನ ಲೆಕ್ಕ ಇನ್ನಷ್ಟು ಜಟಿಲ. ವಸಂತದಲ್ಲಿ ಮಳೆ ಕೈಕೊಟ್ಟರೆ ಹುಲ್ಲು ಬೇಗ ಒಣಗಿ ಪರಾಗ ಕಡಿಮೆಯಾಗುತ್ತದೆ. ಚೆನ್ನಾಗಿ ಸುರಿದರೆ ಹುಲ್ಲು ಸೊಂಪಾಗಿ ಬೆಳೆದು ನವೆಂಬರ್ ಕಷ್ಟದ್ದಾಗುತ್ತದೆ. ಒಂದು ಡಿಗ್ರಿ ಬಿಸಿಯೇರಿದ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದಾಗ ಜೋರಾಗಿ ಸುರಿಯುತ್ತದೆ. ಬರಗಾಲ ಒಂದು ವರ್ಷ, ನೆರೆ ಇನ್ನೊಂದು ವರ್ಷ. ಹೋದ ವರ್ಷ ಹೇಗಿತ್ತು ಎಂಬ ಅನುಭವ ಈ ವರ್ಷದ ಕೈಪಿಡಿಯಾಗದು.

ಬರದ ವರ್ಷ ಹುಲ್ಲು ಸುಮ್ಮನಿದ್ದರೂ ಕಾಡು ಸುಮ್ಮನಿರುವುದಿಲ್ಲ. 2019-20ರ ಬೇಸಿಗೆಯ ಕಾಡ್ಗಿಚ್ಚಿನ ಹೊಗೆ ಪೂರ್ವ ಆಸ್ಟ್ರೇಲಿಯವನ್ನೆಲ್ಲ ಕವಿದಾಗ, ಆ ಹೊಗೆಯಿಂದಲೇ 417 ಹೆಚ್ಚುವರಿ ಸಾವು, 1,305 ಮಂದಿ ಆಸ್ತಮಾದಿಂದ ತುರ್ತು ವಿಭಾಗಕ್ಕೆ ಬಂದದ್ದು ಎಂದು ಸಂಶೋಧಕರು ಅಂದಾಜು ಮಾಡಿದರು. 2020ರ ಜನವರಿ 14ರಂದು ಆಸ್ಟ್ರೇಲಿಯನ್ ಓಪನ್ ಅರ್ಹತಾ ಪಂದ್ಯದಲ್ಲಿ ಸ್ಲೊವೇನಿಯಾದ ದಲೀಲಾ ಯಾಕುಪೊವಿಚ್ ಮೆಲ್ಬರ್ನಿನ ಅಂಕಣದಲ್ಲಿ ಕೆಮ್ಮುತ್ತಾ ಮಂಡಿಯೂರಿ ಕೂತು, ಆಟ ಬಿಟ್ಟು ಹೊರನಡೆದರು. ದಿನವೂ ಓಡಿ ದಮ್ಮು ಬೆಳೆಸಿಕೊಂಡ ವೃತ್ತಿಪರ ಆಟಗಾರ್ತಿಯ ಪಾಡು ಅದು.

ಹೊರಗಿನ ಗಾಳಿ ನಮ್ಮ ಕೈಯಲ್ಲಿಲ್ಲ, ಸರಿ. ಮನೆಯ ಗಾಳಿ ಇದೆ. ಆಸ್ಟ್ರೇಲಿಯದ ಮಕ್ಕಳ ಆಸ್ತಮಾದ ಹೊರೆಯಲ್ಲಿ ಶೇ 12.3ರಷ್ಟು ಗ್ಯಾಸ್ ಒಲೆಯ ಪಾಲು, ಶೇ 7.9ರಷ್ಟು ಮನೆಯ ಶೀತ-ಬೂಷ್ಟಿನ ಪಾಲು ಎಂದು 2018ರ ಅಧ್ಯಯನವೊಂದು ಲೆಕ್ಕ ಹಾಕಿತು. ಗ್ಯಾಸ್ ಉರಿಯಿಂದ ಹೊರಡುವ ನೈಟ್ರೋಜನ್ ಡೈ ಆಕ್ಸೈಡ್ ಶ್ವಾಸನಾಳವನ್ನು ಕೆರಳಿಸುತ್ತದೆ. ಕನ್ನಡದ ಅಡುಗೆಮನೆಯಲ್ಲಿ ಒಲೆ ಉರಿಯುವುದು ಹೆಚ್ಚು ಹೊತ್ತು: ಕುಕ್ಕರ್ ಒಂದು ಕಡೆ, ಪಲ್ಯ ಇನ್ನೊಂದು ಕಡೆ, ಚಪಾತಿ ಉಬ್ಬಿಸುವುದು ನೇರ ಬೆಂಕಿಯ ಮೇಲೆ, ಕೊನೆಗೆ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು. ಒಲೆಯ ಮೇಲಿನ ಫ್ಯಾನ್ ಸದ್ದು ಮಾಡುತ್ತದೆಂದು ಆರಿಸಿಡುವ ಮನೆಗಳು ಕಡಿಮೆಯಿಲ್ಲ. ದೇವರ ಕೋಣೆಯ ಊದುಬತ್ತಿ, ಮುಚ್ಚಿದ ಕಿಟಕಿ. ಒಲೆ ಬದಲಿಸುವುದು ಬಾಡಿಗೆ ಮನೆಯವರ ಕೈಲಾಗದಿರಬಹುದು, ಫ್ಯಾನ್ ಹಾಕುವುದು ಆಗುತ್ತದೆ.

ಇನ್ನು ಪಂಪಿನ ಮಾತು. ಅದರ ಬಗ್ಗೆ ಊರಿನಿಂದ ಹೊತ್ತುಕೊಂಡು ಬಂದ ಅನುಮಾನ ಸಣ್ಣದಲ್ಲ. ಊರಿನಲ್ಲಿ ಆಸ್ತಮಾ ಏರುತ್ತಿದ್ದ ಕಾಲದಲ್ಲೂ ಅದು ಹೋಗಲಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಇಪ್ಪತ್ತು ವರ್ಷಗಳಲ್ಲಿ ಕಾಲಕಾಲಕ್ಕೆ, ಆಸ್ಪತ್ರೆಗೆ ಬಂದ ಒಟ್ಟು 20,000 ಮಕ್ಕಳ ಅಧ್ಯಯನ ಮಾಡಿದರು. 1979ರಲ್ಲಿ ಅವರಲ್ಲಿ ಆಸ್ತಮಾ ಇದ್ದವರು ಶೇ 9, 1999ರಲ್ಲಿ ಶೇ 29.5. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇಡೀ ಊರಿಗೆ ಅನ್ವಯಿಸಲಾಗದು, ಆದರೂ ಏರಿಕೆ ಎದ್ದು ಕಾಣುತ್ತದೆ. ಆ ಮಕ್ಕಳೇ ಈಗ ಮೂವತ್ತು-ನಲವತ್ತು ದಾಟಿ ದುಡಿಯುತ್ತಿರುವ ತಲೆಮಾರು. ಅವರು ಬೆಳೆದ ಮನೆಗಳಲ್ಲಿ ಹುಡುಗಿಗೆ ಆಸ್ತಮಾ ಇದೆಯೆಂದು ಹೊರಗೆ ಹೇಳುತ್ತಿರಲಿಲ್ಲ. ಸಂಬಂಧ ಕುದುರದಿದ್ದರೆ ಎಂಬ ಅಂಜಿಕೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಹೋಗಿ ಜೀವಂತ ಮೀನು ನುಂಗಿ ಬಂದವರುಂಟು. ಪಂಪ್ ಹಿಡಿದರೆ ಬಿಡಲಾಗದು, ಅಭ್ಯಾಸವಾಗಿಬಿಡುತ್ತದೆ, ಮಾತ್ರೆಯೇ ವಾಸಿ ಎಂಬ ಬುದ್ಧಿವಾದ ಎಲ್ಲ ಕಡೆ. ಪಂಪಿನ ಔಷಧ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಮಾತ್ರೆಯಲ್ಲಿ ಬೇಕಾಗುವ ಪ್ರಮಾಣದ ಸಣ್ಣ ಪಾಲು ಸಾಕು. ಅದು ಚಟವಾಗುವ ವಸ್ತುವಲ್ಲ.

ನೀಲಿ ಪಂಪ್ ಕಟ್ಟಿದ ನಾಳವನ್ನು ಆ ಹೊತ್ತಿಗೆ ಸಡಿಲಿಸುತ್ತದೆ. ಒಳಗಿನ ಊತ ಇಳಿಸುವುದು ಪ್ರಿವೆಂಟರ್ ಎಂಬ, ಸ್ಟಿರಾಯ್ಡ್ ಇರುವ ಇನ್ನೊಂದು ಪಂಪ್. ಬರೀ ನೀಲಿ ಪಂಪನ್ನೇ ನಂಬಿ ಆಸ್ತಮಾ ನಿಭಾಯಿಸಬಾರದು ಎಂದು ಆಸ್ತಮಾ ಚಿಕಿತ್ಸೆಯ ಜಾಗತಿಕ ಸಂಸ್ಥೆ ಜಿನಾ 2019ರಲ್ಲೇ ಹೇಳಿದೆ. ವಾರಕ್ಕೆ ಹಲವು ಸಲ ನೀಲಿ ಪಂಪ್ ಒತ್ತುವವರು ತಮ್ಮ ಡಾಕ್ಟರನ್ನು ನೋಡಲು ಅಷ್ಟೇ ಕಾರಣ ಸಾಕು.

2016ರ ನಂತರ ವಿಕ್ಟೋರಿಯಾ ಸರ್ಕಾರ ಕೈಕಟ್ಟಿ ಕೂರಲಿಲ್ಲ. 2017ರಿಂದ ಪ್ರತಿ ವರ್ಷ ಅಕ್ಟೋಬರ್ 1ರಿಂದ ಡಿಸೆಂಬರ್ 31ರವರೆಗೆ ಗುಡುಗುಮಳೆ ಆಸ್ತಮಾದ ಮುನ್ಸೂಚನೆ ಹೊರಡುತ್ತದೆ: ಹಸಿರು, ಕಿತ್ತಳೆ, ಕೆಂಪು. ಅದರ ಹಿಂದಿನ ದುಡಿಮೆ ನೋಡಿದರೆ ನಂಬಿಕೆ ಬರುತ್ತದೆ. ಎತ್ತರದಲ್ಲಿ ಇಟ್ಟ ಒಂದು ಯಂತ್ರ ನಿಮಿಷಕ್ಕೆ ಹತ್ತು ಲೀಟರ್ ಗಾಳಿ ಎಳೆಯುತ್ತದೆ, ಸುಮ್ಮನೆ ಕೂತ ಮನುಷ್ಯ ಉಸಿರಾಡುವಷ್ಟು. ಒಳಗೆ ಗಂಟೆಗೆ 2 ಮಿಲಿಮೀಟರ್ ತಿರುಗುವ ಉರುಳೆಗೆ ಅಂಟು ಪಟ್ಟಿ ಸುತ್ತಿರುತ್ತದೆ. ದಿನಕ್ಕೊಮ್ಮೆ ಆ ಪಟ್ಟಿ ಬಿಚ್ಚಿ, ಗುಲಾಬಿ ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಡಿ ಇಟ್ಟು, ಒಬ್ಬರು ಕೂತು ಹುಲ್ಲಿನ ಕಣಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಆ ಎಣಿಕೆಯೂ ಹವಾಮಾನ ಇಲಾಖೆಯ ಗಾಳಿ-ಗುಡುಗಿನ ಅಂದಾಜೂ ಸೇರಿ ಆ ಬಣ್ಣ ಆಗುತ್ತದೆ. ವಿಕ್‌ಎಮರ್ಜೆನ್ಸಿ ಆ್ಯಪ್ ಫೋನಿನಲ್ಲಿದ್ದರೆ ಎಚ್ಚರಿಕೆ ಮನೆಬಾಗಿಲಿಗೇ ಬರುತ್ತದೆ.

ಆದ್ದರಿಂದ ಈ ಕೆಲವು ಕೋರಿಕೆಗಳು.

ಕನ್ನಡ ಸಂಘಗಳವರಿಗೆ: ರಾಜ್ಯೋತ್ಸವದ ಆಹ್ವಾನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವಾಗ ಮುನ್ಸೂಚನೆಯ ಕೊಂಡಿಯನ್ನೂ ಜೊತೆಗೆ ಕಳಿಸಿ. ಬಯಲಿನಲ್ಲಿ ಕಾರ್ಯಕ್ರಮ ಇಟ್ಟಿದ್ದರೆ, ಕೆಂಪು ಬಣ್ಣದ ದಿನ ಜನರನ್ನು ಒಳಗೆ ಸೇರಿಸಲು ಒಂದು ಸಭಾಂಗಣ ಗೊತ್ತುಮಾಡಿಕೊಂಡಿರಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಬ್ಯಾಂಡೇಜಿನ ಪಕ್ಕ ನೀಲಿ ಪಂಪ್ ಮತ್ತು ಅದಕ್ಕೆ ಸಿಕ್ಕಿಸುವ ಕೊಳವೆಯಾದ ಸ್ಪೇಸರ್ ಇರಲಿ. ಆಸ್ಟ್ರೇಲಿಯದಲ್ಲಿ ಈ ಪಂಪಿಗೆ ಡಾಕ್ಟರ ಚೀಟಿ ಬೇಕಿಲ್ಲ, ಔಷಧದಂಗಡಿಯ ಫಾರ್ಮಸಿಸ್ಟನ್ನು ಕೇಳಿದರೆ ಕೊಡುತ್ತಾರೆ.

ಕ್ರಿಕೆಟ್ ತಂಡದವರಿಗೆ: ಮೋಡ ಕಟ್ಟಿ ತಂಪುಗಾಳಿ ಬೀಸತೊಡಗಿದರೆ "ಇನ್ನೆರಡು ಓವರ್ ಮುಗಿಸೋಣ" ಎನ್ನಬೇಡಿ. ಸೀನುತ್ತಾ ಫೀಲ್ಡಿಂಗ್ ಮಾಡುವವನು ಯಾರೆಂದು ನಿಮಗೆಲ್ಲ ಗೊತ್ತು. ಅವನನ್ನು ಕಾರಿನೊಳಗೆ ಕೂರಿಸಿ, ಗಾಜು ಏರಿಸಿ, ಎ.ಸಿ.ಯನ್ನು ಒಳಗಿನ ಗಾಳಿಯೇ ಸುತ್ತುವಂತೆ ಇಡಿ.

ಅಪ್ಪ ಅಮ್ಮ ಬರುವ ಮನೆಯವರಿಗೆ: ಅವರು ಊರಿನಿಂದ ತರುವ ಔಷಧದ ಚೀಲವನ್ನು ಒಮ್ಮೆ ಬಿಚ್ಚಿ ನೋಡಿ. ಪಂಪ್ ಇದ್ದರೆ ಅದರ ಅವಧಿ ಮುಗಿದಿದೆಯೇ ನೋಡಿ. ಉಬ್ಬಸ ಇಲ್ಲ ಎಂದು ಅವರು ಹೇಳಿದರೆ ಅಲ್ಲಿಗೆ ಬಿಡಬೇಡಿ. ರಾತ್ರಿ ಕೆಮ್ಮು ಬರುತ್ತದೆಯೇ, ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆಯೇ, ಎದೆಯಲ್ಲಿ ಸುಂಯ್ ಎಂಬ ಸದ್ದು ಕೇಳಿಸುತ್ತದೆಯೇ ಎಂದು ಕೇಳಿ. ಅವರ ಪ್ರವಾಸ ವಿಮೆಯಲ್ಲಿ ಆಂಬುಲೆನ್ಸ್ ಸೇರಿದೆಯೇ ಎಂದೂ ಓದಿಕೊಳ್ಳಿ.

ಪ್ರತಿ ವಸಂತದಲ್ಲೂ ಸೀನುವವರಿಗೆ: ಸೆಪ್ಟೆಂಬರ್‌ನಲ್ಲೇ ಡಾಕ್ಟರನ್ನು ನೋಡಿ. ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್ ಸ್ಪ್ರೇಯನ್ನು ಪರಾಗದ ಕಾಲಕ್ಕೆ ಮುಂಚೆ ಶುರುಮಾಡಿದರೆ ಕೆಲಸ ಚೆನ್ನಾಗಿ ಮಾಡುತ್ತದೆ. ನಿಮಗೆ ಪ್ರಿವೆಂಟರ್ ಬೇಕೇ ಎಂಬುದನ್ನು ಅಲ್ಲೇ ಕೇಳಿ. ನೀಲಿ ಪಂಪನ್ನು ಮನೆಯ ಕಪಾಟಿನಲ್ಲಿ ಇಡದೆ ದಿನವೂ ಒಯ್ಯುವ ಚೀಲದಲ್ಲಿ ಇಟ್ಟುಕೊಳ್ಳಿ.

ಕಡೆಯದಾಗಿ ಎಲ್ಲರಿಗೂ. ಯಾರಿಗಾದರೂ ಉಸಿರು ಕಟ್ಟಿದರೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಪಂಪ್ ಕುಲುಕಿ ಸ್ಪೇಸರಿಗೆ ಸಿಕ್ಕಿಸಿ ಒಂದು ಸಲ ಒತ್ತಿ, ಅದರಿಂದ ನಾಲ್ಕು ಉಸಿರು ಎಳೆಸಿ. ಮತ್ತೆ ಕುಲುಕಿ, ಮತ್ತೆ ಒಂದು ಸಲ. ಹೀಗೆ ನಾಲ್ಕು ಸಲ. ನಾಲ್ಕು ನಿಮಿಷ ಕಾಯಿರಿ. ಹಗುರಾಗದಿದ್ದರೆ ಇನ್ನೂ ನಾಲ್ಕು ಕೊಡಿ. ಅಷ್ಟಕ್ಕೂ ಬಗ್ಗದಿದ್ದರೆ 000ಗೆ ಫೋನ್ ಮಾಡಿ. ಮಾತನಾಡಲು ಆಗದಷ್ಟು ಕಟ್ಟಿದ್ದರೆ ಮೊದಲೇ ಮಾಡಿ. ಆಂಬುಲೆನ್ಸ್ ಬರುವ ತನಕ ಇದೇ ಕ್ರಮದಲ್ಲಿ ಪಂಪ್ ಕೊಡುತ್ತಿರಿ. ವಿಕ್ಟೋರಿಯಾದಲ್ಲಿ ಆಂಬುಲೆನ್ಸ್ ಖರ್ಚು ಮೆಡಿಕೇರ್‌ಗೆ ಸೇರಿಲ್ಲ ಎಂದು ಹೆದರಿ ಸ್ವಂತ ಕಾರಿನಲ್ಲೇ ಹೊರಡುವವರಿದ್ದಾರೆ. ಆಂಬುಲೆನ್ಸ್ ವಿಕ್ಟೋರಿಯಾಕ್ಕೆ ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕಟ್ಟಿದರೆ ಆ ಬಿಲ್ಲಿನ ಚಿಂತೆ ಇರುವುದಿಲ್ಲ. ಇನ್ನೂ ಕಟ್ಟದ ಮನೆಗಳವರು ಅಕ್ಟೋಬರ್ 1ರೊಳಗೆ ಕಟ್ಟಿಬಿಡಿ.

ಇತಿ,
ನಿಮ್ಮ ಹಿತ ಬಯಸುವ ಲೇಖಕ